ಸಿಗರೇಟಿನಷ್ಟು ಸಪೂರ

ಕೂಡುಸ್ ಊರಿನ ಲವಂಗದ ಸಿಗರೇಟು ಕಾರ್ಖಾನೆ ಬಾಗಿಲು ಹಾಕಿ ಮೂರು ವಾರವಾಗಿತ್ತು. ಆದರೆ ಅಲ್ಲಿ ಹತ್ತೊಂಬತ್ತು ವರ್ಷ ಸಿಗರೇಟು ಸುತ್ತಿದ ಕಾಸ್ಮಿನಾಳ ಕೈಗಳಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಬೆಳಿಗ್ಗೆ ಎದ್ದವಳೇ ಚಾಪೆ ಸುತ್ತಿದಳು, ಹೊದಿಕೆ ಸುತ್ತಿದಳು, ಒಗೆದ ಅಂಗಿಗಳನ್ನು ಮಡಿಸುವ ಬದಲು ಸುತ್ತಿ ಸಾಲಾಗಿ ಜೋಡಿಸಿದಳು. ಗಂಡ ಸಾರ್ಜುವಿನ ತಟ್ಟೆಗೆ ಬಿದ್ದ ಆಮ್ಲೆಟ್ಟೂ ಬೆರಳು ಗಾತ್ರದ ಸುರುಳಿಯೇ. ಎಂಟು ಗಂಟೆಗೆಲ್ಲ ಮನೆಯಲ್ಲಿ ಸುತ್ತುವುದಕ್ಕೆ ಏನೂ ಉಳಿಯಲಿಲ್ಲ.

“ಬುನೆ, ನನ್ನ ಹಕ್ಕಿ ತಂಟೆಗೆ ಮಾತ್ರ ಬರ್ಬೇಡ!” ಎಂದು ಸಾರ್ಜು ಪಂಜರವನ್ನು ಎತ್ತರದ ಕೊಕ್ಕೆಗೆ ಏರಿಸಿದ. ಆ ಕಡೆ ಹೆಂಡತಿಗೆ ‘ಬುನೆ’, ಗಂಡನಿಗೆ ‘ಪಾಕ್‌ನೆ’, ನಮ್ಮ ‘ಇವಳೇ’, ‘ಇವ್ರೇ’ ಇದ್ದ ಹಾಗೆ.

“ಕೊಡಿ ಇಲ್ಲಿ ಪಾಕ್‌ನೆ, ಅರೆ ನಿಮಿಷದ ಕೆಲಸ,” ಎಂದಳು ಕಾಸ್ಮಿನಾ.

ಸಾರ್ಜು ನಕ್ಕು, ಮನೆ ಮುಂದಿನ ತನ್ನ ಸೈಕಲ್ ರಿಪೇರಿ ಅಂಗಡಿಗೆ ಹೋಗಿ ಕುಳಿತ.

ಅದೃಷ್ಟಕ್ಕೆ ಅಂದು ಹಿತ್ತಿಲಾಚೆಯ ವಿಜಿಯ ಮನೆಯಿಂದ ಕರೆ ಬಂದಿತ್ತು. ಮರುದಿನ ಅವಳ ಮಗಳ ಮದುವೆ. ಓಣಿಯ ಹೆಂಗಸರೆಲ್ಲ ಸೇರಿ ನಾನೂರು ಲುಂಪಿಯಾ ಮಾಡಬೇಕು, ಕಳಲೆ ಪಲ್ಯವನ್ನು ಹಿಟ್ಟಿನ ತೆಳು ಹಾಳೆಯಲ್ಲಿ ಸುತ್ತಿಡಬೇಕು. ನಸುಕಿನಲ್ಲೇ ಕಾರ್ಖಾನೆಯ ಬಸ್ಸು ಹತ್ತುತ್ತಿದ್ದ ಕಾಸ್ಮಿನಾ ಇಂಥ ಕೂಟಕ್ಕೆ ಒಮ್ಮೆಯೂ ಹೋದವಳಲ್ಲ. ಕಾರ್ಖಾನೆಯ ಗೆಳತಿಯರು ದಿಕ್ಕಾಪಾಲಾಗಿದ್ದರು. ಇನ್ನು ಈ ಹೆಂಗಸರೂ ಹತ್ತಿರ ಸೇರಿಸದಿದ್ದರೆ ಅವಳಿಗೆ ಮಾತಾಡಲು ಉಳಿಯುವುದು ಆ ಹಕ್ಕಿಯೊಂದೇ. ಹೇಗಾದರೂ ಸೈ ಅನ್ನಿಸಿಕೊಳ್ಳಬೇಕೆಂದು ಓಡಿದಳು.

ಓಡಿದವಳು ಕೆಟ್ಟಳು. ಹಾಳೆ ಕೈಗೆ ಸಿಕ್ಕಿದ್ದೇ ತಡ, ಬೆರಳುಗಳಿಗೆ ದೆವ್ವ ಹೊಕ್ಕಂತಾಯಿತು. ಉಳಿದವರು ಸೆರಗು ಸರಿಮಾಡಿಕೊಂಡು, ಚಹಾ ಕುಡಿದು, “ಮತ್ತೇನೇ ಸಮಾಚಾರ?” ಎನ್ನುವಷ್ಟರಲ್ಲಿ ನೂರು ಮುಗಿದಿತ್ತು. ಗಂಟೆ ಕಳೆಯುವುದರೊಳಗೆ ನಾನೂರೂ ಮುಗಿದು, ಕಾಸ್ಮಿನಾ ಬೆವರೊರೆಸಿಕೊಂಡು ಶಭಾಷ್‌ಗಿರಿಗೆ ಕಾದಳು.

ಹಲ್ಲಿಲ್ಲದ ತುನ್ ಅಜ್ಜಿ ಒಂದನ್ನು ಎತ್ತಿ ತುಟಿಗಿಟ್ಟು, “ಯಾರಾದ್ರೂ ಬೆಂಕಿ ಕೊಡ್ರೇ!” ಎಂದಳು. ನಾನೂರೂ ಸಿಗರೇಟಿನಷ್ಟೇ ಸಪೂರ! ಪಲ್ಯ ಮುಕ್ಕಾಲು ಪಾಲು ಹಾಗೇ ಉಳಿದಿತ್ತು. ಮದುವೆ ಮನೆಯವರು ಜುಗ್ಗರೆಂದು ಊರೆಲ್ಲ ಆಡಿಕೊಳ್ಳದೆ ಬಿಟ್ಟೀತೆ?

“ನೀವು ಸುಸ್ತಾಗಿದೀರಿ, ಕಾಸ್ಮಿಯಕ್ಕ. ಮನೆಗೋಗಿ ಒಂಚೂರು ಮಲ್ಕೊಳ್ಳಿ,” ಎಂದಳು ವಿಜಿ, ಬಹಳ ಮೆತ್ತಗೆ.

ಕಾರ್ಖಾನೆಯ ಮೇಸ್ತ್ರಿಯೂ ಹೀಗೇ ಮೆತ್ತಗೆ ಹೇಳಿದ್ದ. ಒಂದೇ ತಿಂಗಳಲ್ಲಿ ಎರಡು ಸಲ ಕೆಲಸ ಹೋಯಿತು, ಅದೂ ಎರಡನೆಯದು ಬಿಟ್ಟಿ ಕೆಲಸ! ಮನೆಗೆ ಬಂದು ಚಾಪೆ ಬಿಚ್ಚಿದಳು, ಸುತ್ತಿದಳು, ಮತ್ತೆ ಬಿಚ್ಚಿದಳು. ಅಷ್ಟರಲ್ಲಿ ಹಿತ್ತಿಲಾಚೆಯಿಂದ ಗೊಳ್ಳೆಂಬ ನಗು. ತನ್ನನ್ನೇ ಆಡಿಕೊಳ್ಳುತ್ತಿದ್ದಾರೆ! ಅಳುವೂ ಸಿಟ್ಟೂ ಒಟ್ಟಿಗೇ ನುಗ್ಗಿ ಬಂದು, ನಾಲ್ಕು ಮಾತು ಅಂದೇಬಿಡುವೆನೆಂದು ದಡದಡನೆ ನಡೆದಳು.

ಅಲ್ಲಿ ನೋಡಿದರೆ ಹೆಂಗಸರೆಲ್ಲ ಕಾಲು ಚಾಚಿ ಕುಳಿತು, ಅವಳು ಸುತ್ತಿದ್ದನ್ನೆಲ್ಲ ಒಂದೊಂದಾಗಿ ಬಿಚ್ಚಿ, ಪಲ್ಯ ತುಂಬಿ, ದಪ್ಪಗೆ ಸುತ್ತುತ್ತಿದ್ದರು. ಬಿಚ್ಚುವುದಕ್ಕೆ ಒಬ್ಬೊಬ್ಬರಿಗೂ ಜೀವ ಬಾಯಿಗೆ ಬರುತ್ತಿತ್ತು, ಅಷ್ಟು ಬಿಗಿ. ಅದನ್ನು ಕಂಡು ಕಾಸ್ಮಿನಾಳಿಗೇ ನಗು ಉಕ್ಕಿತು. ಬಾಗಿಲು ಹಿಡಿದುಕೊಂಡು ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಬಾರೇ, ನಿನ್ನ ಗಂಡನ ಕಥೇನೇ ನಡೀತಿರೋದು,” ಎಂದಳು ತುನ್ ಅಜ್ಜಿ.

“ಅವರದೇನು ಕಥೆ? ಪಾಪ, ದಿನಾ ಮೈಮುರಿದು ದುಡಿಯೋರು.”

“ದುಡಿಯೋದಾ! ಹತ್ತೊಂಬತ್ತು ವರ್ಷ ಈ ಜಗಲೀಲಿ ಚದುರಂಗ ಆಡಿದಾನೆ ಕಣೆ. ನಿನ್ನ ಬಸ್ಸಿನ ಹಾರನ್ ಕೇಳಿದ ಕೂಡ್ಲೇ ಕೈಗೆ ಗ್ರೀಸ್ ಬಳ್ಕೊಂಡು ಓಡೋನು. ನಿಂಗೆ ಕೆಲ್ಸ ಹೋದ್ಮೇಲೇ ಅವನಿಗೆ ಕೆಲ್ಸ ಹತ್ಕೊಂಡಿದ್ದು!”

ಕಾಸ್ಮಿನಾ ಧೊಪ್ಪನೆ ಕುಳಿತಳು. ಕೈಗೆ ಒಂದು ಹಾಳೆ ಬಂತು, ಹಾಗೇ ಉಳಿಯಿತು.

“ಆಮೇಲೆ ಅಜ್ಜಿ? ಆಮೇಲೆ?”

ಮಧ್ಯಾಹ್ನದ ಬಾಂಗ್ ಕೂಗುವ ಹೊತ್ತಿಗೆ ಅವಳು ಈ ಸಲ ಸುತ್ತಿದ್ದು ಒಟ್ಟು ಒಂಬತ್ತು. ಯಾರೂ ಅವಳನ್ನು ಮನೆಗೆ ಹೋಗು ಅನ್ನಲಿಲ್ಲ.