ಸೇಬಿನ ವಾರ

ಎರಡು ಸಾವಿರದ ಆರರಲ್ಲಿ ಜಗದಾಂಬ ತೀರಿಕೊಂಡಳು. ಹನ್ನೊಂದನೆಯ ದಿನ ಯಸಳೂರಿನ ಆ ಮನೆಯಲ್ಲಿ ಊಟಕ್ಕೆ ಕೂತವರೆಲ್ಲ, ಅವಳದು ಬಹಳ ತಾಳ್ಮೆ ಎಂದು ಹೇಳಿ ಪಾಯಸ ಹಾಕಿಸಿಕೊಂಡರು. ಸುಳ್ಳು. ಅವಳಿಗೆ ತಾಳ್ಮೆ ಇರಲಿಲ್ಲ. ಇದ್ದದ್ದು ಮೂರ್ಖತನವನ್ನು ದೂರದಿಂದಲೇ ಗುರುತಿಸುವ ಕಣ್ಣು, ಗುರುತಿಸಿದ ಮೇಲೆ ಸುಮ್ಮನಿರಲಾರದ ಬಾಯಿ. ಅವಳಿಲ್ಲದ ಆ ಪಡಸಾಲೆಯಲ್ಲಿ ಹಾಗೆಂದು ಎದುರಾಡುವವರು ಯಾರೂ ಉಳಿದಿರಲಿಲ್ಲ.

ತೊಂಬತ್ತೇಳರ ಜನವರಿಯ ಮಾತು. ಗಂಡ ದೇವೇಂದ್ರ ಊರ ಹೊರಗಿನ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವ ಕೆಲಸ. ಮಗಳು ಧನುಶ್ರೀಗೆ ನಾಲ್ಕು ತುಂಬಿತ್ತು. ಮನೆಯಲ್ಲಿ ಪಟಪಟ ಮಾತಾಡುವ ಮಗು ಹೊರಗಿನವರ ಮುಂದೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಸಕಲೇಶಪುರದ ಒಂದು ಇಂಗ್ಲಿಷ್ ಶಾಲೆಯಲ್ಲಿ ಎಲ್‌ಕೆಜಿ ಸೀಟು ಸಿಗಬೇಕಾದರೆ ಅದು ಸಂದರ್ಶನದಲ್ಲಿ ಬಾಯಿ ಬಿಡಲೇಬೇಕಿತ್ತು. ಜಗದಾಂಬ ಎಸೆಸೆಲ್ಸಿಯಲ್ಲಿ ಇಂಗ್ಲಿಷಿಗೆ ಮುಗ್ಗರಿಸಿ ಮನೆ ಸೇರಿದವಳು. ಮಗಳಿಗೆ ಹಾಗಾಗಬಾರದು ಎಂಬ ಆಸೆಯೊಂದೇ ಅವಳನ್ನು ಆ ಶಾಲೆಯ ಮೆಟ್ಟಿಲು ಹತ್ತಿಸಿತ್ತು.

ಶಾಲೆ ಎಂದರೆ ಮೆಣಸಿನ ಹಳೆಯ ಗೋದಾಮಿಗೆ ಗುಲಾಬಿ ಬಣ್ಣ ಬಳಿದದ್ದು. ಹೆಡ್‌ಮಿಸ್ಸು ಅರ್ಜಿಯ ಜೊತೆ ಒಂದು ಹಾಳೆ ಕೊಟ್ಟರು. ಮೇಲೆ ‘ಆ್ಯಪಲ್ ವೀಕ್’ ಎಂದಿತ್ತು. ಮನೆಯಲ್ಲೇ ಒಂದು ವಾರ ಸೇಬಿನಿಂದ ಪಾಠ: ಬಣ್ಣ ಹೇಳಿಸಿ, ಅಡ್ಡ ಕೊಯ್ದು ಒಳಗಿನ ನಕ್ಷತ್ರ ತೋರಿಸಿ, ಬೀಜ ಎಣಿಸಿ, ಹೋಳನ್ನು ಬಣ್ಣಕ್ಕೆ ಅದ್ದಿ ಅಚ್ಚೊತ್ತಿಸಿ. ಯಾವ ದೇಶದ ಯಾವ ಮಗುವಿಗೆ ಬರೆದದ್ದೋ, ಹೆಡ್‌ಮಿಸ್ಸು ಒಂದಕ್ಷರ ಬದಲಿಸದೆ ಜೆರಾಕ್ಸ್ ಮಾಡಿಸಿದ್ದರು. ಭಾನುವಾರ ಮಗುವನ್ನು ಸೇಬಿನ ತೋಟಕ್ಕೆ ಕರೆದೊಯ್ಯಿರಿ ಎಂದೂ ಇತ್ತು. ಆ ಸಾಲನ್ನು ಜಗದಾಂಬ ಗಂಡನಿಗೆ ಎರಡು ಸಲ ಓದಿ ಹೇಳಿದಳು.

ಆದರೂ ಸೇಬು ತಂದಳು. ಎಡವಟ್ಟಾದದ್ದು ಅಲ್ಲೇ. ಆಗ ಯಸಳೂರಿನ ಕಡೆ ಸೇಬನ್ನು ಯಾರೂ ಸುಮ್ಮನೆ ತಿನ್ನುತ್ತಿರಲಿಲ್ಲ. ಸೇಬಿನ ಗಾಡಿ ನಿಲ್ಲುತ್ತಿದ್ದುದು ಸಕಲೇಶಪುರದ ಆಸ್ಪತ್ರೆಯ ಗೇಟಿನ ಮುಂದೆ. ಕೊಳ್ಳುತ್ತಿದ್ದವರು ಮಲಗಿದವರನ್ನು ನೋಡಲು ಹೋಗುವವರು. ಸೇಬು ಬಸ್ಸು ಹತ್ತಿ ಊರಿಗೆ ಬಂತೆಂದರೆ ಆ ಮನೆಯಲ್ಲಿ ಯಾರಿಗೋ ಕಾಯಿಲೆ ಜೋರಾಗಿದೆ ಎಂದೇ ಲೆಕ್ಕ. ಜಗದಾಂಬ ಎಂಟು ಸೇಬಿನ ಕವರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನ ಮುಂದಿನ ಸೀಟಿನಲ್ಲಿ ಎಲ್ಲರ ಕಣ್ಣೆದುರೇ ಬಂದಳು. ಅಲ್ಲೇ ಹುಟ್ಟಿ ಬೆಳೆದವಳಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮರುದಿನ ಪಾಠ ಶುರುವಾಯಿತು. ಬಣ್ಣಕ್ಕೆ ಗಂಡನ ಸ್ಟ್ಯಾಂಪ್ ಪ್ಯಾಡಿನ ಶಾಯಿ. ಧನುಶ್ರೀ ಹಳೆಯ ಹಾಜರಿ ಹಾಳೆಗಳ ಹಿಂಬದಿಯಲ್ಲಿ ನೇರಳೆ ಸೇಬುಗಳನ್ನು ಒತ್ತುತ್ತಿದ್ದಾಗ ಪಕ್ಕದ ಮನೆಯ ಚಿನ್ನಮ್ಮ ಬ್ರೆಡ್ಡು ಹಿಡಿದು, ಮುಖ ಸಣ್ಣದು ಮಾಡಿಕೊಂಡು ಒಳಗೆ ಬಂದಳು.

“ಏನಾಗೈತವ್ವ? ಮುಚ್ಚಿಡಬ್ಯಾಡ.”

“ಏನೂ ಆಗಿಲ್ಲ ಚಿನ್ನಮ್ಮಕ್ಕ. ಮಗಿಗೆ ಪಾಠ ಹೇಳಾಕೆ ತಂದೆ.”

“ಸೇಬಲ್ಲಿ ಪಾಠನಾ?” ಚಿನ್ನಮ್ಮ ಮಗುವಿನ ನೇರಳೆ ಕೈಗಳನ್ನು ನೋಡಿದಳು. “ಯಾವಾಗಿಂದ ಐತೆ ಹಿಂಗೆ?”

ಸಂಜೆಯ ಹೊತ್ತಿಗೆ ಮನೆಯಲ್ಲಿ ಐದು ಪೌಂಡು ಬ್ರೆಡ್ಡು ಸೇರಿತ್ತು. ಬಂದವರಲ್ಲಿ ಒಬ್ಬರೂ ಪಾಠದ ಮಾತನ್ನು ನಂಬಲಿಲ್ಲ. ದೊಡ್ಡ ಕಾಯಿಲೆಯೇ ಇರಬೇಕು, ಅದಕ್ಕೇ ಮುಚ್ಚಿಡುತ್ತಿದ್ದಾಳೆ ಎಂದು ಅಂಗಳದಲ್ಲೇ ಮಾತಾಡಿಕೊಂಡರು. ಒಬ್ಬೊಬ್ಬರೂ ಸೇಬಿನ ಕಡೆ ನೋಡಿ, ಮಗುವಿನ ಹಣೆ ಮುಟ್ಟಿ, ಉಸಾರಾಗಿದ್ದೀಯೇನವ್ವ ಎಂದರು. ಇಷ್ಟು ಜನ ದಡ್ಡರು ಇಷ್ಟು ಹತ್ತಿರ ಹತ್ತಿರ ಮನೆ ಕಟ್ಟಿಕೊಂಡಿದ್ದಾರಲ್ಲ ಎಂದು ಜಗದಾಂಬ ಗಂಡನ ಮುಂದೆ ಉಗಿದಳು. ಬ್ರೆಡ್ಡನ್ನು ಮಾತ್ರ ಹಿಂದಿರುಗಿಸಲಿಲ್ಲ.

ಸಂದರ್ಶನದ ದಿನ ಹೆಡ್‌ಮಿಸ್ಸು ಮೇಜಿನ ಖಾನೆಯಿಂದ ಪ್ಲಾಸ್ಟಿಕ್ ಸೇಬೊಂದನ್ನು ತೆಗೆದಿಟ್ಟು, ಇದೇನೆಂದು ಇಂಗ್ಲಿಷಿನಲ್ಲಿ ಕೇಳಿದರು. ಧನುಶ್ರೀ ಅಮ್ಮನ ಸೆರಗು ಹಿಡಿದಳು. ಮತ್ತೆ ಕೇಳಿದರು. ಆ ಒಂದು ನಿಮಿಷ ಅವಳಿಗೆ ಯಾರ ಮೇಲೂ ತಿರಸ್ಕಾರ ಉಳಿದಿರಲಿಲ್ಲ; ಮಗು ಏನಾದರೂ ಒಂದು ಹೇಳಿದರೆ ಸಾಕಿತ್ತು.

ಮಗು ಸೇಬನ್ನು ನೋಡಿತು, ಮಿಸ್ಸಿನ ಮುಖ ನೋಡಿತು. ಸೆರಗು ಬಿಟ್ಟು ಮೇಜಿನ ಹತ್ತಿರ ಹೋಯಿತು.

“ಉಸಾರಾಗಿದ್ದೀರಾ ಮಿಸ್?”

ಹೊರಗಿನವರೊಂದಿಗೆ ಅದು ತಾನಾಗಿ ಆಡಿದ ಮೊದಲ ಮಾತು. ಹೆಡ್‌ಮಿಸ್ಸು ಪಕ್ಕದಲ್ಲಿ ಕೂತಿದ್ದ ಟೀಚರಿನ ಮುಖ ನೋಡಿ ನಕ್ಕರು. ಅರ್ಜಿಯ ಮೇಲೆ ಏನೋ ಗೀಚಿದರು. ಮಗು ಇನ್ನೂ ತಯಾರಾಗಿಲ್ಲ, ಮನೆಯ ವಾತಾವರಣ ಸುಧಾರಿಸಬೇಕು, ಇನ್ನೊಂದು ವರ್ಷ ಅದೇ ಪಾಠ ಮಾಡಿಸಿ ಕರೆತನ್ನಿ ಎಂದರು. ಅಂಥ ಮಾತು ಕೇಳಿದ ತಾಯಂದಿರು ಅಲ್ಲಿ ಕೈಮುಗಿಯುವುದು ವಾಡಿಕೆ. ಜಗದಾಂಬ ಅರ್ಜಿಯನ್ನು ಅವರ ಪೆನ್ನಿನ ಕೆಳಗಿನಿಂದಲೇ ಎಳೆದುಕೊಂಡಳು.

“ಕೇಳಿದ್ದು ಮಗು. ಅದಕ್ಕೆ ಉತ್ತರ ಹೇಳಿ.”

ಹೆಡ್‌ಮಿಸ್ಸು ಮುಂದಿನವರ ಹೆಸರು ಕೂಗಿದರು.

ಮೆಟ್ಟಿಲಿಳಿಯುವಷ್ಟರಲ್ಲಿ ತೀರ್ಮಾನವಾಗಿತ್ತು. ಊರಿನ ಅಂಗನವಾಡಿ, ಆಮೇಲೆ ಊರಿನದೇ ಸರ್ಕಾರಿ ಶಾಲೆ. ಇಂಗ್ಲಿಷನ್ನು ತಾನು ಕಲಿತು ತಾನೇ ಕಲಿಸುವುದು. ಹಾಗೇ ಮಾಡಿದಳು ಕೂಡ. ಆದರೆ ಆವತ್ತು ಬಸ್ಸಿಗೆ ಕಾಯುತ್ತ ನಿಂತಾಗ ಧನುಶ್ರೀಗೆ ಬೇಕಾಗಿದ್ದುದು ಬೇರೆ. ಆ ಮಿಸ್ಸು ಯಾಕೆ ಏನೂ ಹೇಳಲಿಲ್ಲ ಎಂದು ಅಮ್ಮನ ಕೈ ಜಗ್ಗಿ ಕೇಳಿದಳು.

“ಅವರಿಗೆ ಬರಲ್ಲ ಕಣೆ,” ಎಂದಳು ಜಗದಾಂಬ. “ಮನೇಲಿ ಯಾರೂ ಕಲ್ಸಿಲ್ಲ.”