ಬೆಂಕಿಗಿಂತ ಮುಂಚೆ ನಡೆಯುವ ಪಾಪಮ್ಮ

ಎಮ್ಮೆದೊಡ್ಡಿಯ ಹುಲ್ಲುಗಾವಲಿನಲ್ಲಿ ಇನ್ನೂ ಸೂರ್ಯ ಮೂಡಿಲ್ಲ. ಮೊಣಕಾಲೆತ್ತರದ ಒಣಹುಲ್ಲಿನ ಮೇಲೆ ತೆಂಗಿನ ನಾರಿನ ಉದ್ದನೆಯ ಹಗ್ಗವೊಂದು ಸರಿದು ಬರುತ್ತಿದೆ. ಒಂದು ತುದಿ ಪಾಪಮ್ಮನವರ ಕೈಯಲ್ಲಿ, ಇನ್ನೊಂದು ಮೈದುನ ತಮ್ಮಯ್ಯನ ಕೈಯಲ್ಲಿ. ಹಗ್ಗ ಸೋಕಿದೆಡೆ ಹುಲ್ಲು ಬಾಗುತ್ತದೆ. ಬಾಗಿದಲ್ಲಿಂದ ಗೌಜಲಹಕ್ಕಿಯೊಂದು ಬುರ್ರನೆ ಏಳುತ್ತದೆ. ಪಾಪಮ್ಮ ಅಲ್ಲಿಗೆ ಹೋಗಿ ಬಗ್ಗಿ ನೋಡುತ್ತಾರೆ. ಮೊಟ್ಟೆಗಳಿವೆ. ಸುತ್ತಲಿನ ಹುಲ್ಲನ್ನು ಕುಡುಗೋಲಿನಿಂದ ಬುಡಮಟ್ಟ ಕೊಯ್ದು ನೆಲ ಬರಿದಾಗಿಸುತ್ತಾರೆ. ಬಿಸಿಲೇರಿದ ಮೇಲೆ ಇಲ್ಲಿ ಹಚ್ಚುವ ಬೆಂಕಿ, ಮೇಯಲು ಏನೂ ಸಿಗದೆ, ಆ ಜಾಗವನ್ನು ಸುತ್ತಿಕೊಂಡು ಮುಂದೆ ಹೋಗುತ್ತದೆ.

ಪ್ರತಿ ಚೈತ್ರದಲ್ಲೂ ಇಲ್ಲಿ ಹಳೆಯ ಹುಲ್ಲಿಗೆ ಬೆಂಕಿ ಇಡುತ್ತಾರೆ. ಮೊದಲ ಮಳೆಗೆ ಎಳೆಹುಲ್ಲು ಚಿಗುರಿದರೆ ಅಮೃತಮಹಲಿನ ದನಗಳಿಗೆ ಮೇವು. ಪಾಪಮ್ಮನವರ ಗಂಡ ಕರಿಯಪ್ಪ ಪಂಜು ಹಿಡಿಯುತ್ತಿದ್ದವರು. ಮದುವೆಯಾದ ಹೊಸದರಲ್ಲಿ, ಬೆಂಕಿ ಆರಿದ ಮೇಲೆ ಅವರಿಗೆ ಬುತ್ತಿ ಒಯ್ದಿದ್ದ ಆಕೆಯ ಕಾಲಿಗೆ ಏನೋ ತೊಡರಿತಂತೆ. "ಕರಿಕಲ್ಲು ಅನ್ಕಂಡೆ. ನೋಡಿದ್ರೆ ಗೌಜಲು. ಕೂತಂಗೇ ಬೆಂದೋಗಿತ್ತು. ಎತ್ತಿದ್ರೆ ಕೆಳ್ಗೆ ಮೊಟ್ಟೆ." ಅದರ ಮುಂದಿನ ಚೈತ್ರದಲ್ಲಿ ಗಂಡ ಹೆಂಡತಿ ಹಗ್ಗ ಹಿಡಿದರು. ಕರಿಯಪ್ಪ ತೀರಿಕೊಂಡ ಮೇಲೆ ಆ ತುದಿ ತಮ್ಮಯ್ಯನ ಪಾಲಿಗೆ ಬಂತು. ಮುಳ್ಳು ಹೊಕ್ಕು ಪಾಪಮ್ಮನವರ ಅಂಗಾಲು ಗಂಟುಗಟ್ಟಿದೆ. ಕೆಲಸ ಯಾರೂ ಹೇಳಿದ್ದಲ್ಲ. ಬೇಡವೆಂದೂ ಯಾರೂ ಹೇಳಿಲ್ಲ.

ಈ ಸಲ ಹಗ್ಗದ ಹಿಂದೆ ಇನ್ನೊಬ್ಬರು ನಡೆಯುತ್ತಿದ್ದಾರೆ. ಚಿಕ್ಕಮಗಳೂರಿನ ಶಾಲೆಯ ಉಪಾಧ್ಯಾಯ ಓಂಕಾರಮೂರ್ತಿ, ಹಕ್ಕಿ ನೋಡಲೆಂದೇ ದುರ್ಬೀನು ಹೊತ್ತು ಬಂದವರು. ಅವರು ಅದನ್ನು ಕಣ್ಣಿಗಿಟ್ಟು ತಿರುಗಿಸುವಷ್ಟರಲ್ಲಿ ಹಕ್ಕಿ ಮರೆಯಾಗಿರುತ್ತದೆ. "ನೀವು ಅದ್ನ ಸರಿಮಾಡ್ಕಳೋದ್ರೊಳ್ಗೆ ಹಕ್ಕಿ ಬೀರೂರು ದಾಟಿರ್ತದೆ ಮೇಷ್ಟ್ರೇ" ಎಂದು ತಮ್ಮಯ್ಯ ಕಿಚಾಯಿಸುತ್ತಾನೆ. ಮೇಷ್ಟರೂ ನಗುತ್ತಾರೆ.

ಪಾಪಮ್ಮನವರಿಗೆ ನಗು ಬರುತ್ತಿಲ್ಲ. ಕೆಲವು ದಿನಗಳಿಂದ ದಿಬ್ಬದ ಮೇಲೆ ಗಂಡು ಎರ್ಲಡ್ಡು ಕೊರಳುಬ್ಬಿಸಿ ನಿಲ್ಲುತ್ತಿದೆ. ಆಳಿನ ಸೊಂಟದೆತ್ತರದ ಈ ಹಕ್ಕಿಯ ಹೆಣ್ಣು ಇಡುವುದು ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ಕಾವಿಗೆ ಕೂತರೆ ಹಗ್ಗ ಮೈಗೆ ತಾಗುವವರೆಗೂ ಏಳುವುದಿಲ್ಲ. ಹೆಣ್ಣು ಇಲ್ಲೇ ಎಲ್ಲೋ ಕೂತಿದೆ. ಆದರೆ ಹಗ್ಗ ಈ ತುದಿಯಿಂದ ಆ ತುದಿಗೆ ಹೋಗಿ ಬಂದರೂ ಅದು ಎದ್ದಿಲ್ಲ.

ಬಿಸಿಲೇರುವ ಹೊತ್ತಿಗೆ ಕಾವಲಿನ ಉಸ್ತುವಾರಿ ಹೊತ್ತ ದರೋಗ ವೆಂಕಟಸುಬ್ಬಯ್ಯನವರು ಬಂದು ಆಕಾಶ ನೋಡುತ್ತಾರೆ. ಮಧ್ಯಾಹ್ನ ಗಾಳಿ ಎದ್ದರೆ ಬೆಂಕಿ ಹುಲ್ಲಿನ ಬಣವೆಗಳತ್ತ ತಿರುಗುತ್ತದೆ, ಇನ್ನು ಕಾಯುವಂತಿಲ್ಲ. ಮೂಡಲ ಅಂಚಿಗೆ ಪಂಜು ತಾಗುತ್ತದೆ. ಹೊಗೆ ಏಳುತ್ತದೆ.

ಗಾಡಿದಾರಿಯ ಮೇಲೆ ನಿಂತ ಓಂಕಾರಮೂರ್ತಿ ಆಗ ಸುಮ್ಮನೆ ಕುತೂಹಲಕ್ಕೆಂದು ಒಂದು ಮಾತು ಕೇಳುತ್ತಾರೆ: ನಡುವೆ ಒಂದು ಕಡೆ ಇಬ್ಬರೂ ಹಗ್ಗವನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು ನಡೆದರಲ್ಲ, ಅದೇಕೆ? ಅಲ್ಲಿ ಹುತ್ತವಿದೆ, ನಾಗಪ್ಪನ ಮೈಮೇಲೆ ಹಗ್ಗ ಎಳೆಯುವುದುಂಟೇ, ಅಣ್ಣನ ಕಾಲದಿಂದ ಹಾಗೇ, ಎಂದು ತಮ್ಮಯ್ಯ ವಿವರಿಸುತ್ತಾನೆ.

ಪಾಪಮ್ಮನವರ ಕೈ ಹಗ್ಗ ಸುತ್ತುವುದನ್ನು ನಿಲ್ಲಿಸುತ್ತದೆ. ಮೇಲಕ್ಕೆತ್ತಿದ ಹಗ್ಗ ಹುಲ್ಲಿಗೆ ಸೋಕುವುದಿಲ್ಲ. ಹುತ್ತದ ಆಚೆ ಈಚೆ ಒಂದು ಪಟ್ಟಿ ಹುಲ್ಲನ್ನು ಇಷ್ಟು ವರ್ಷವೂ ಯಾರೂ ಸೋಸಿಲ್ಲ.

"ಬುದ್ಧಿ, ಒಸಿ ತಡೀರಿ."

"ಹಚ್ಚಿದ ಬೆಂಕೀನ ವಾಪಸ್ ಕರೆಯೋಕಾಗ್ತದೇನಮ್ಮ?" ದರೋಗರ ದನಿಯಲ್ಲಿ ಸಿಟ್ಟಿಲ್ಲ, ದಿಗಿಲಿದೆ.

ಆಕೆ ಆಗಲೇ ಹುಲ್ಲಿಗಿಳಿದಿದ್ದಾರೆ. "ಅತ್ಗೆ, ನಿಂಗೇನು ತಲೆ ಕೆಟ್ಟೈತಾ" ಎಂದು ಬೈಯುತ್ತಲೇ ತಮ್ಮಯ್ಯ ಇನ್ನೊಂದು ಕುಡುಗೋಲು ಹಿಡಿದು ಹಿಂದೆ ಓಡುತ್ತಾನೆ.

ಹುತ್ತಕ್ಕೆ ಕೈಮುಗಿದು ಪಾಪಮ್ಮ ಹಿಂಬದಿಗೆ ಇಣುಕುತ್ತಾರೆ. ಹುಲ್ಲಿನ ಬಣ್ಣದ್ದೇ ಒಂದು ಬೆನ್ನು, ನೆಲಕ್ಕೊತ್ತಿದ ಕೊರಳು, ರೆಪ್ಪೆ ಬಡಿಯದ ಒಂದು ಕಣ್ಣು. ಹತ್ತಿರ ಹೋದರೆ ಹೆದರಿ ಶಾಶ್ವತವಾಗಿ ಬಿಟ್ಟುಹೋದೀತು. ದೂರದಿಂದಲೇ, ಕಣದಗಲದ ಸುತ್ತು ಹಾಕಿ, ಇಬ್ಬರೂ ಕೊಯ್ಯತೊಡಗುತ್ತಾರೆ. ಚಟಚಟ ಸದ್ದು ಹತ್ತಿರವಾಗುತ್ತದೆ. ಶಾಖಕ್ಕೆ ಮುಖ ಬಿಗಿಯುತ್ತದೆ. ಸುತ್ತು ಕೂಡಲು ಇನ್ನೂ ಒಂದು ಕಡೆ ಉಳಿದಿದೆ. ಅಷ್ಟರಲ್ಲಿ ಹೊಗೆಯೊಳಗಿಂದ ಬಂದರಿಕೆ ಸೊಪ್ಪಿನ ಕೊಂಬೆ ಹಿಡಿದ ದರೋಗರೇ ಬಂದು, ಉಳಿದ ಆ ಬಾಯಲ್ಲಿ ನಿಂತು ಬೆಂಕಿಯನ್ನು ಬಡಿಯುತ್ತಾರೆ. ಉರಿ ಎರಡಾಗಿ ಸೀಳಿ, ಹುತ್ತವನ್ನು ಬಳಸಿ, ಪಡುವಲಿಗೆ ಹೋಗುತ್ತದೆ.

ಆದರೆ ಅದಕ್ಕೆ ಮೊದಲೇ ಹಕ್ಕಿ ಎದ್ದು ಹಾರಿಹೋಗಿದೆ. ಮೊಟ್ಟೆ ಮಾತ್ರ ಉಳಿದಿದೆ.

ಎಲ್ಲರೂ ದೂರದ ಗಾಡಿದಾರಿಗೆ ಸರಿದು ಕೂರುತ್ತಾರೆ. ವಾಪಸು ಬರುತ್ತದೆಯೇ ಎಂದು ಓಂಕಾರಮೂರ್ತಿ ಕೇಳಿದರೆ, ತನಗೆ ಗೊತ್ತಿಲ್ಲ ಎನ್ನುತ್ತಾರೆ ಪಾಪಮ್ಮ. ಬರುವ ವರ್ಷದಿಂದ ಹುತ್ತದ ಹತ್ತಿರ ಹಗ್ಗ ಬಿಟ್ಟು ಕೈಯಲ್ಲೇ ತಡಕುತ್ತೇನೆ, ನಾಗಪ್ಪ ಒಪ್ಪಿಯಾನು ಎಂದಷ್ಟೇ ಹೇಳುತ್ತಾರೆ. ದರೋಗರು ಸುಟ್ಟ ಅಂಗವಸ್ತ್ರ ಮಡಚುತ್ತಾರೆ. ಬಿಸಿಲು ಇಳಿಯುತ್ತದೆ.

ಕಪ್ಪಾದ ಬಯಲಿನ ಆ ಅಂಚಿನಲ್ಲಿ ಏನೋ ಕದಲುತ್ತದೆ. ಕಂದು ಬಣ್ಣದ ದೊಡ್ಡ ಹಕ್ಕಿಯೊಂದು ಬೂದಿಯ ಮೇಲೆ ನಡೆದು ಬರುತ್ತಿದೆ. ನಿಲ್ಲುತ್ತದೆ, ಕೊರಳೆತ್ತಿ ನೋಡುತ್ತದೆ, ಮತ್ತೆ ನಡೆಯುತ್ತದೆ. ಹುತ್ತದ ಬಳಿ ಸುಡದೆ ಉಳಿದ ಹುಲ್ಲಿನ ಆ ಒಂದು ತುಣುಕನ್ನು ಹೊಕ್ಕು, ಮೆಲ್ಲನೆ ಕೂರುತ್ತದೆ.

"ಇಷ್ಟು ವರ್ಷ ನಾನು ಕಂಡಿದ್ದೆಲ್ಲಾ ಹಕ್ಕಿ ಬೆನ್ನೇ ಕಣಪ್ಪಾ" ಎನ್ನುತ್ತಾರೆ ಪಾಪಮ್ಮ, ಮೈದುನನಿಗೆ ಮಾತ್ರ ಕೇಳುವಂತೆ. "ನಾನು ಹೋದ್ಕಡೆ ಎಲ್ಲಾ ಎದ್ದೋಗೋವೇಯ. ಒಂದು ಹಕ್ಕಿ ಮನೆಗ್ ಬರೋದ ನೋಡಿದ್ದು ಇವತ್ತೇ."