ಗಾಳದ ವ್ಯಾನಿನ ಜಯರಾಮಣ್ಣ

ಭಾನುವಾರ, ಬೆಳಗಿನ ಆರೂಮುಕ್ಕಾಲು. ಮಲೇಷ್ಯಾದ ಪಹಾಂಗ್ ರಾಜ್ಯದ ರಾವುಬ್ ಪಟ್ಟಣ ದಾಟಿ, ಡುರಿಯನ್ ಹಣ್ಣಿನ ತೋಟಗಳ ನಡುವಿನ ಮಣ್ಣುರಸ್ತೆ ಮುಗಿಯುವಲ್ಲಿ, ಹೊಳೆಯ ದಂಡೆಯಲ್ಲಿ ಒಂದು ಬಿಳಿ ವ್ಯಾನ್ ನಿಂತಿದೆ. ಅದರ ಹಿಂಬಾಗಿಲು ತೆರೆದು, ಗ್ಯಾಸ್ ಒಲೆಯ ಮೇಲೆ ಇಡ್ಲಿ ಪಾತ್ರೆ ಏರಿಸಿ, ಜಯರಾಮ ಒಂದು ಕೈಯಿಂದ ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದಾರೆ. ಇನ್ನೊಂದು ಕೈಯಿಂದ ಕಾಲಿಗೆ ಹತ್ತಿದ ಜಿಗಣೆಗೆ ಉಪ್ಪು ಸುರಿಯುತ್ತಿದ್ದಾರೆ. ಯಾವ ಕೈ ಯಾವ ಕೆಲಸಕ್ಕೆ ಎಂಬುದರಲ್ಲಿ ಅವರಿಗೆ ಈವರೆಗೆ ಗೊಂದಲವಾಗಿಲ್ಲ.

ಪಕ್ಕದಲ್ಲಿ ಎರಡು ಡೇರೆಗಳು. ಒಳಗಿನಿಂದ ನಾಲ್ಕು ಬಗೆಯ ಗೊರಕೆ ಕೇಳಿಸುತ್ತಿದೆ.

“ಇವರು ಮೀನು ಹಿಡೀಲಿಕ್ಕೆ ಬಂದವರು,” ಎಂದು ಜಯರಾಮ ಡೇರೆಗಳ ಕಡೆ ಸೌಟು ತೋರಿಸುತ್ತಾರೆ. “ಮೀನು ಎದ್ದು ಗಂಟೆ ಆಯ್ತು. ಇವರನ್ನು ಎಬ್ಬಿಸ್ಲಿಕ್ಕೆ ಇನ್ನು ನಾನೇ ಆಗ್ಬೇಕು.”

ಐವತ್ತೊಂದು ವರ್ಷದ ಜಯರಾಮ ಈ ವ್ಯಾನಿನ ಚಾಲಕ, ಅಡುಗೆಯವರು, ಡೇರೆ ಕಟ್ಟುವವರು ಮತ್ತು ಕೊಕ್ಕೆ ಬಿಡಿಸುವವರು. ತಿಂಗಳಿಗೆ ಎರಡು ಸಲ, ಶನಿವಾರ ಬೆಳಗಿನ ಜಾವ ಪೆಟಾಲಿಂಗ್ ಜಯಾ ನಗರದಿಂದ ಹವ್ಯಾಸಿ ಗಾಳದವರನ್ನು ಹತ್ತಿಸಿಕೊಂಡು ಹೊರಡುತ್ತಾರೆ. ಎರಡು ದಿನಗಳಲ್ಲಿ ಮೂರು ಸಣ್ಣ ಹೊಳೆ ತೋರಿಸಿ, ಭಾನುವಾರ ಸಂಜೆ ಎಲ್ಲರನ್ನೂ ಅವರವರ ಮನೆ ಬಾಗಿಲಿಗೆ ಇಳಿಸುತ್ತಾರೆ. ಹೋಗಿ ಬರಲು ಮುನ್ನೂರ ಐವತ್ತು ಕಿಲೋಮೀಟರ್, ಒಂದು ಪ್ರವಾಸಕ್ಕೆ ಅರವತ್ತನಾಲ್ಕು ಇಡ್ಲಿ. ಕಳೆದ ವರ್ಷ ಮರದ ಕೊಂಬೆಗಳಿಂದ ಬಿಡಿಸಿದ ಕೊಕ್ಕೆಗಳು ಇನ್ನೂರ ಹನ್ನೆರಡು, ಗಿರಾಕಿಗಳ ಟೋಪಿ, ಅಂಗಿ, ಕಿವಿಗಳಿಂದ ಮೂವತ್ತೊಂದು, ಮೀನಿನ ಬಾಯಿಂದ ಒಂಬತ್ತು. ಜಯರಾಮ ಇದುವರೆಗೆ ತಿಂದ ಮೀನು ಒಂದೂ ಇಲ್ಲ. ಅವರು ಹುಟ್ಟಿನಿಂದ ಸಸ್ಯಾಹಾರಿ.

ಇದು ಎರೆಹುಳು ಚುಚ್ಚಿ ದಡದಲ್ಲಿ ಕೂರುವ ಗಾಳವಲ್ಲ. ಗರಿ ಮತ್ತು ನೂಲು ಸುತ್ತಿ ಮಾಡಿದ ಹುಸಿ ನೊಣವನ್ನು ಉದ್ದನೆಯ ಕೋಲಿನಿಂದ ಬೀಸಿ ಬೀಸಿ ನೀರಿನ ಮೇಲೆ ಇಳಿಸಬೇಕು. ಮೀನು ಅದನ್ನು ನಿಜವಾದ ನೊಣವೆಂದು ನಂಬಿ ಹಾರಬೇಕು. ಹಿಡಿದ ಮೇಲೆ ಒಂದು ಫೋಟೊ ತೆಗೆದು ಮತ್ತೆ ನೀರಿಗೇ ಬಿಡಬೇಕು. ನಿಲಾಯ್‌ನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಮಣಿಪಾಲದ ಡಾಕ್ಟರ್ ಸುಮಂತ ಸ್ಕಾಟ್ಲೆಂಡಿನಲ್ಲಿ ಎರಡು ವರ್ಷ ಓದಲು ಹೋಗಿ, ಓದಿನ ಜೊತೆ ಟ್ರೌಟ್ ಮೀನಿನ ಈ ಹುಚ್ಚನ್ನೂ ಹತ್ತಿಸಿಕೊಂಡು ಬಂದರು. ಮಲೇಷ್ಯಾದ ಬೆಚ್ಚನೆಯ ನೀರಿನಲ್ಲಿ ಟ್ರೌಟ್ ಬದುಕುವುದಿಲ್ಲ. ಅದಕ್ಕೆ ಡಾಕ್ಟರು ಇಲ್ಲಿನ ಕೆಲಾ ಎಂಬ ದೊಡ್ಡ ಹುರುಪೆಯ ಹೊಳೆಮೀನನ್ನೇ ‘ನಮ್ಮ ಟ್ರೌಟು’ ಎಂದು ಕರೆದು ಸಮಾಧಾನಪಟ್ಟುಕೊಂಡಿದ್ದಾರೆ.

ಡಾಕ್ಟರ ಹುಚ್ಚು ಮಂಗಳೂರಿನ ಆರ್ಥರ್ ಅವರಿಗೆ ಅಂಟಿತು. ಪೆಟಾಲಿಂಗ್ ಜಯಾದ ಕಂಪನಿಯೊಂದರಲ್ಲಿ ಗೋದಾಮು ನೋಡಿಕೊಳ್ಳುವ ಆರ್ಥರ್ ಹಳೆಯ ವ್ಯಾನ್ ಕೊಂಡು ವಾರಾಂತ್ಯದ ಪ್ರವಾಸ ಶುರು ಮಾಡಿದರು. ಚಾಲಕ ಬೇಕಿತ್ತು, ಜಯರಾಮರಿಗೆ ಕೆಲಸ ಬೇಕಿತ್ತು. ಹಿರಿಯಡಕದಿಂದ ಇಪ್ಪತ್ತೆರಡು ವರ್ಷಗಳ ಹಿಂದೆ ಬ್ರಿಕ್‌ಫೀಲ್ಡ್ಸ್‌ನ ಸಸ್ಯಾಹಾರಿ ಹೊಟೇಲಿಗೆ ದೋಸೆ ಹುಯ್ಯಲು ಬಂದವರು ಅವರು. ಹೊಟೇಲಿಗೆ ಬಾಳೆಎಲೆ ತರುತ್ತಿದ್ದ ಕ್ಲಾಂಗ್ ಊರಿನ ತಮಿಳು ಹುಡುಗಿ ಅನಿತಾರನ್ನು ಮದುವೆಯಾಗಿ ಇಲ್ಲೇ ನೆಲೆ ನಿಂತರು. ಆಮೇಲೆ ಹೊಟೇಲು ಮುಚ್ಚಿತು. ಈಗ ವಾರದ ದಿನಗಳಲ್ಲಿ ಇದೇ ವ್ಯಾನಿನಲ್ಲಿ ಆಫೀಸುಗಳಿಗೆ ಅನಿತಾರ ಕೈಯಡುಗೆಯ ಊಟದ ಡಬ್ಬಿ ಮುಟ್ಟಿಸುತ್ತಾರೆ. ಅಂದರೆ ಮನೆ ನಡೆಯುವುದೇ ಈ ನಾಲ್ಕು ಚಕ್ರಗಳ ಮೇಲೆ. ಮಗಳು ನಿಖಿತಾ ಅಪ್ಪನ ಕನ್ನಡವನ್ನೆಲ್ಲ ಅರ್ಥ ಮಾಡಿಕೊಂಡು, “ಪಪ್ಪಾ, ಯು ಸ್ಮೆಲ್ ಲೈಕ್ ರಿವರ್ ಲಾ!” ಎಂದು ಇಲ್ಲಿನವರ ‘ಲಾ’ ಹಚ್ಚಿದ ಇಂಗ್ಲಿಷಿನಲ್ಲೇ ಮೂಗು ಮುಚ್ಚಿಕೊಳ್ಳುತ್ತಾಳೆ.

ಮೂರು ವರ್ಷಗಳ ಹಿಂದಿನ ಮೊದಲ ಪ್ರವಾಸದಲ್ಲೇ ಈ ಚಕ್ರಗಳು ಕೈಕೊಟ್ಟಿದ್ದವು. ಮಳೆ ಬಿದ್ದ ಇಳಿಜಾರಿನಲ್ಲಿ ವ್ಯಾನ್ ಜಾರಿ, ಈ ಮೂರನೆಯ ಹೊಳೆಯಲ್ಲಿ, ಇದೇ ದಂಡೆಯ ಕೆಳಗಿನ ಮಡುವಿನೊಳಗೆ ಮುಂದಿನ ಎರಡು ಚಕ್ರ ಇಳಿಸಿ ನಿಂತಿತು. ಕಿಟಕಿಯ ಕೆಳಗೆ ಕೆಲಾ ಮೀನುಗಳು ಬಂದು ಇಣುಕಿ ನೋಡುತ್ತಿದ್ದವು. ಜಯರಾಮರಿಗೆ ಜೀವ ಬಾಯಿಗೆ ಬಂದಿತ್ತು. ಊರಿನಲ್ಲಿ ದೇವಸ್ಥಾನದ ಬದಿಯ ಹೊಳೆಮೀನುಗಳಿಗೆ ಭಕ್ತರು ಚರುಮುರಿ, ಅಂದರೆ ಮಂಡಕ್ಕಿ, ಹಾಕುವುದು ನೆನಪಾಯಿತು. ವ್ಯಾನ್ ಮೇಲೆ ಬಂದರೆ ಇಲ್ಲಿಗೆ ಬಂದಾಗಲೆಲ್ಲ ಈ ಮಡುವಿನ ಮೀನುಗಳಿಗೆ ಒಂದು ಸೇರು ಚರುಮುರಿ ಹಾಕುತ್ತೇನೆಂದು ಮನಸ್ಸಿನಲ್ಲೇ ಹರಕೆ ಹೇಳಿಕೊಂಡರು. ಕಾಲು ಗಂಟೆಯಲ್ಲಿ ತೋಟದ ಟ್ರ್ಯಾಕ್ಟರು ಬಂತು, ವ್ಯಾನ್ ಮೇಲೆ ಬಂತು.

ಹರಕೆ ತಪ್ಪಿಸುವವರಲ್ಲ ಜಯರಾಮ. ಬ್ರಿಕ್‌ಫೀಲ್ಡ್ಸ್‌ನ ತಮಿಳು ಅಂಗಡಿಯಲ್ಲಿ ‘ಪೊರಿ’ ಎಂದು ಕೇಳಿ ಚರುಮುರಿ ಕಟ್ಟಿಸಿಕೊಂಡು ಬರುತ್ತಾರೆ. ಭಾನುವಾರ ಗಿರಾಕಿಗಳು ಏಳುವ ಮುಂಚೆ, ಮುಖ ತೊಳೆದು, ಕೈಮುಗಿದು, ಸೇರು ತುಂಬ ಹಾಕಿ ಬರುತ್ತಾರೆ. ದೇವರ ವಿಚಾರ, ಯಾರಿಗೆ ಹೇಳಬೇಕು? ಆಮೇಲೆ ಗಿರಾಕಿಗಳು ಎದ್ದು, ಇಡ್ಲಿ ತಿಂದು, ಅದೇ ಮಡುವಿಗೆ ನೊಣ ಬೀಸುತ್ತಿದ್ದರು.

ಆಗ ಪ್ರವಾಸದ ಮುಖ್ಯ ಆಕರ್ಷಣೆಯೇ ಈ ಮಡು. ನೀರು ಗಾಜಿನ ಹಾಗೆ, ಮೀನುಗಳು ಕಣ್ಣಿಗೆ ಕಾಣುವಷ್ಟು ಹತ್ತಿರ. ಆದರೆ ಮೂರು ವರ್ಷದಲ್ಲಿ ಒಂದೇ ಒಂದು ಮೀನು ನೊಣ ಮುಟ್ಟಲಿಲ್ಲ. ಡಾಕ್ಟರು ನೀರಿನ ಉಷ್ಣಾಂಶ ಅಳೆದರು, ಚಂದ್ರನ ಪಕ್ಷ ಬರೆದಿಟ್ಟರು, ಎಪ್ಪತ್ತು ಬಗೆಯ ನೊಣ ಸುತ್ತಿದರು. ಆರ್ಥರ್ ಹೊಸ ಕೋಲು ತರಿಸಿದರು. ಗಿರಾಕಿಗಳು ಒಬ್ಬೊಬ್ಬರಾಗಿ ಕಡಿಮೆಯಾದರು. ಕಳೆದ ತಿಂಗಳು ಹೊರಡುವ ಮುಂಚೆ ಆರ್ಥರ್ ಗಂಭೀರವಾಗಿ ಹೇಳಿದರು: “ಜಯರಾಮಣ್ಣ, ಈ ಸಲವೂ ಅಲ್ಲಿ ಮೀನು ಸಿಗದಿದ್ರೆ ಪ್ರವಾಸ ಬಂದ್. ವ್ಯಾನ್ ಮಾರಿಬಿಡುವುದೇ. ಬೇಜಾರು ಮಾಡ್ಬೇಡಿ.”

ಜಯರಾಮರಿಗೆ ರಾತ್ರಿ ನಿದ್ದೆ ಹತ್ತಲಿಲ್ಲ. ವ್ಯಾನ್ ಹೋದರೆ ಡಬ್ಬಿಯೂ ಹೋಗುತ್ತದೆ. ಅವರಿಗೆ ಗೊತ್ತಿದ್ದ ಪರಿಹಾರ ಒಂದೇ. ಆ ಭಾನುವಾರ ಬೆಳಿಗ್ಗೆ, “ಹೇಗಾದರೂ ಮಾಡಿ ಇವರಿಗೆ ಒಂದು ಮೀನು ಸಿಗಲಿ” ಎಂದು ಬೇಡಿಕೊಂಡು, ಒಂದು ಸೇರಿನ ಬದಲು ಎರಡು ಸೇರು ಹಾಕಿದರು.

ಮಡುವಿನ ಪಕ್ಕದ ಕಾಲುಸೇತುವೆಯ ಮೇಲೆ ಪಾಕ್ ಹಲೀಮ್ ಕುಳಿತಿದ್ದರು. ಗಾಳ ಹಾಕುವವರ ಪರವಾನಗಿ ಚೀಟಿ ನೋಡಲು ಹಳ್ಳಿಯವರು ನೇಮಿಸಿದ ಮುದುಕ ಅವರು; ಇಲ್ಲಿ ಹಿರಿಯರನ್ನು ‘ಪಾಕ್’ ಎನ್ನುತ್ತಾರೆ. ಮಲಯ್ ಭಾಷೆಯಲ್ಲೇ ಹರಟುವ ಗೆಳೆತನ ಇಬ್ಬರಿಗೂ ಇದೆ.

“ಇವತ್ತು ಮೀನಿಗೆ ಮಾಕಾನ್, ಊಟ, ಜಾಸ್ತಿ ಆಯ್ತು ಲಾ,” ಎಂದರು ಹಲೀಮ್. “ಒಂದು ಸೇರಿಗೇ ಅವು ಮಧ್ಯಾಹ್ನದವರೆಗೆ ಬಾಯಿ ತೆರೆಯಲ್ಲ. ಇವತ್ತು ನಿನ್ನ ಸಾಹೇಬರು ಸಂಜೆವರೆಗೆ ಬೀಸಬೇಕು.”

ಜಯರಾಮರ ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು. “ಮೂರು ವರ್ಷದಿಂದ ನೋಡ್ತಾ ಇದ್ದೀರಿ. ಒಂದು ಮಾತು ಹೇಳಬಾರದಿತ್ತಾ?”

“ನಿಮ್ಮ ಕಂಪನಿಯ ಪದ್ಧತಿ ಅಂದುಕೊಂಡೆ,” ಎಂದರು ಹಲೀಮ್. “ಹಿಡಿದ ಮೀನನ್ನೇ ವಾಪಸ್ ಬಿಡುವ ಜನ ನೀವು. ಮೊದಲೇ ಊಟ ಹಾಕಿದರೆ ಅದರಲ್ಲಿ ಆಶ್ಚರ್ಯ ಏನು?”

ಸುಮ್ಮನಿದ್ದುಬಿಡಬಹುದಿತ್ತು. ಆದರೆ ಜಯರಾಮರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಇಡ್ಲಿ ಬಡಿಸುತ್ತಲೇ ಎಲ್ಲವನ್ನೂ ಒಪ್ಪಿಕೊಂಡರು. ಆರ್ಥರ್ ಬಾಯಿಗೆ ಹೋಗುತ್ತಿದ್ದ ಇಡ್ಲಿ ಅರ್ಧದಾರಿಯಲ್ಲಿ ನಿಂತಿತು.

“ಹೊಸ ಕೋಲು ತರಿಸಿದ್ದೆ ಮಾರಾಯ್ರೆ! ಹೆಂಡತಿಗೆ ಹೇಳದೆ ತರಿಸಿದ್ದು!”

ಡಾಕ್ಟರ್ ಸುಮಂತ ಮಾತ್ರ ಮೂರು ವರ್ಷದ ಉಷ್ಣಾಂಶದ ಪಟ್ಟಿಯನ್ನು ಮಡಚಿ ಜೇಬಿಗಿಟ್ಟು, ಮಕ್ಕಳಂತೆ ಚಪ್ಪಾಳೆ ತಟ್ಟಿದರು. ಮೀನುಗಳು ಬಿಳಿ ಕಾಳಿಗೆ ಒಗ್ಗಿಹೋಗಿವೆ, ಹಾಗಾದರೆ ಬಿಳಿ ಕಾಳನ್ನೇ ಕೊಕ್ಕೆಗೆ ಕಟ್ಟಬೇಕು! “ಜಯರಾಮಣ್ಣ, ನಿಮ್ಮ ಚಪ್ಪಲಿ ಸ್ವಲ್ಪ ಕೊಡಿ,” ಎಂದರು. ಜಯರಾಮ ಯಾಕೆಂದು ತಿಳಿಯದೆ ಕೊಟ್ಟರು. ಡಾಕ್ಟರು ಆ ರಬ್ಬರ್ ಚಪ್ಪಲಿಯ ಬಿಳಿ ಹಿಮ್ಮಡಿಯಿಂದ ಒಂದು ಚೂರು ಕತ್ತರಿಸಿ, ಕಾಳಿನ ಆಕಾರಕ್ಕೆ ತಂದು, ಕೊಕ್ಕೆಗೆ ಸುತ್ತಿದರು. ದೂರದಿಂದ ನೋಡಿದರೆ ಥೇಟು ಚರುಮುರಿ.

ಡಾಕ್ಟರು ಎಷ್ಟು ಬೀಸಿದರೂ ಎರಡು ಸೇರು ತಿಂದ ಮೀನಿಗೆ ಹಸಿವಿರಲಿಲ್ಲ. ಆದರೂ ಮಧ್ಯಾಹ್ನ ಮೂರರ ಹೊತ್ತಿಗೆ, ಬೆನ್ನಿನ ರೆಕ್ಕೆ ಹರಿದಿದ್ದ ಒಂದು ದೊಡ್ಡ ಕೆಲಾ ಮೇಲೇರಿತು. ಒಂಟಿ ಚಪ್ಪಲಿಯಲ್ಲಿ ವ್ಯಾನಿನ ಬಳಿ ನಿಂತಿದ್ದ ಜಯರಾಮ ಅದನ್ನು ಗುರುತಿಸಿದರು. ಪ್ರತಿ ಸಲ ಎಲ್ಲಕ್ಕಿಂತ ಮೊದಲು ಬರುವ ಮೀನು ಅದು. ಅದು ಅನುಮಾನವೇ ಇಲ್ಲದೆ ಚಪ್ಪಲಿ ಚೂರಿನ ಕಡೆ ಬಾಯಿ ತೆರೆಯುತ್ತ ಬಂತು. ಆರ್ಥರ್ ಉಸಿರು ಬಿಗಿಹಿಡಿದರು. ಇನ್ನು ಒಂದು ಗೇಣು.

ಜಯರಾಮ ಕಿಟಕಿಯಿಂದ ಕೈ ತೂರಿಸಿ ವ್ಯಾನಿನ ಹಾರ್ನ್ ಒತ್ತಿ ಹಿಡಿದರು.

ಇಡೀ ಕಾಡು ಎದ್ದು ಕೂತಿತು. ಡಾಕ್ಟರು ಬೆಚ್ಚಿ ಕೋಲು ಎಳೆದರು, ನೂಲು ಹಿಂದಕ್ಕೆ ಹಾರಿ ಕೊಕ್ಕೆ ಆರ್ಥರ್ ಅವರ ಟೋಪಿಗೆ ಕಚ್ಚಿತು. ಮೀನು ತಳಕ್ಕೆ ಇಳಿದುಹೋಯಿತು. ಹಾರ್ನ್ ಮಾತ್ರ ಇನ್ನೂ ನಿಂತಿರಲಿಲ್ಲ.

“ಎಂತ ಮಾಡಿದ್ರಿ ನೀವು?” ಆರ್ಥರ್ ಮುಖ ಕೆಂಪಾಗಿತ್ತು. “ವ್ಯಾನ್ ಹೋದ್ರೆ ನಿಮ್ಮ ಹೊಟ್ಟೆಗೇ ಅಲ್ವಾ ಏಟು?”

“ವ್ಯಾನ್ ಮಾರ್ಬಿಡಿ ಸರ್,” ಎಂದರು ಜಯರಾಮ, ಹಾರ್ನಿನಿಂದ ಕೈ ತೆಗೆದು. “ಊಟಕ್ಕೆ ಕರ್ದು, ಎಲೆ ಹಾಕಿ, ಬಡಿಸಿ, ತುತ್ತು ಎತ್ತುವಾಗ ಜುಟ್ಟು ಹಿಡಿಯೂದಾ? ನನ್ನಿಂದ ಆಗ್ಲಿಕ್ಕಿಲ್ಲ. ಹೊಟ್ಟೆಗೆ ಬೇರೆ ಎಂತಾದ್ರೂ ನೋಡ್ತೇನೆ.”

ಆರ್ಥರ್ ಟೋಪಿ ತೆಗೆದು ನೀಡಿದರು, ಜಯರಾಮ ಅಭ್ಯಾಸಬಲದಿಂದ ಕೊಕ್ಕೆ ಬಿಡಿಸಿದರು. ಬಿಡಿಸುತ್ತಲೇ ಮೆಲ್ಲಗೆ ಹೇಳಿದರು: “ಮೇಲೆ ಅರ್ಧ ಮೈಲಿ ಹತ್ತಿದ್ರೆ ಇನ್ನೊಂದು ಮಡು ಉಂಟು. ನಾನು ಅಡುಗೆಗೆ ನೀರು ತರೂದು ಅಲ್ಲಿಂದ. ಅಲ್ಲಿಯ ಮೀನು ನಂಗೆ ಪರಿಚಯ ಇಲ್ಲ.”

ಬಂಡೆ ಹತ್ತಿ, ಬಳ್ಳಿ ಹಿಡಿದು, ಜಿಗಣೆ ಕಿತ್ತು, ಎಲ್ಲರೂ ಹೋದರು. ಅಲ್ಲಿನ ಹಸಿದ ಮೀನುಗಳು ಎಪ್ಪತ್ತು ಬಗೆಯ ನೊಣಗಳಲ್ಲಿ ಅತ್ಯಂತ ಕೆಟ್ಟದ್ದಕ್ಕೂ ಹಾರಿದವು. ಒಂದು ಗಂಟೆಯಲ್ಲಿ ಐದು ಮೀನು, ಐದು ಫೋಟೊ, ಐದೂ ಮರಳಿ ನೀರಿಗೆ. ಆರ್ಥರ್ ಅವರ ಕೂಗು ಸೇತುವೆಯವರೆಗೆ ಕೇಳಿಸಿತಂತೆ. ಆ ರಾತ್ರಿ ಪೆಟಾಲಿಂಗ್ ಜಯಾ ತಲುಪುವವರೆಗೂ ವ್ಯಾನ್ ಮಾರುವ ಮಾತನ್ನು ಯಾರೂ ಎತ್ತಲಿಲ್ಲ. ಇಳಿಯುವಾಗ ಆರ್ಥರ್ ಬಾಗಿಲು ಹಿಡಿದು, “ಹದಿನಾಲ್ಕನೇ ತಾರೀಕು, ಐದು ಗಂಟೆಗೆ. ಆ ಮೇಲಿನ ಮೀನುಗಳ ಪರಿಚಯ ಮಾತ್ರ ಮಾಡ್ಕೊಳ್ಬೇಡಿ ಮಾರಾಯ್ರೆ,” ಎಂದರು.

ಇವತ್ತು ಗಿರಾಕಿಗಳು ಎಂಟು ಗಂಟೆಗೆ ಎದ್ದು, ತಿಂಡಿ ತಿಂದು, ಸಾಲಾಗಿ ಬಂಡೆ ಹತ್ತುತ್ತಿದ್ದಾರೆ. ಮುಂದಿನ ತಿಂಗಳಿನ ಎರಡೂ ಪ್ರವಾಸಗಳಿಗೆ ಆಸನ ಭರ್ತಿಯಾಗಿದೆ. ಜಯರಾಮರಿಗೆ ಇನ್ನೇನಾದರೂ ಬೇಸರ ಉಂಟೇ ಎಂದು ಕೇಳಿದರೆ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ ಯೋಚಿಸುತ್ತಾರೆ.

“ಕೆಳಗಿನ ಮಡುವಿನಲ್ಲಿ ಮೂರು ವರ್ಷ ಬರೇ ಸೊನ್ನೆ ಅಂತ ಆರ್ಥರ್ ಸರ್ ಈಗ್ಲೂ ಹೇಳ್ತಾರೆ, ಎಲ್ಲರೂ ನಗಾಡ್ತಾರೆ. ನಗಾಡ್ಲಿ, ತಪ್ಪು ನಂದೇ,” ಎನ್ನುತ್ತಾರೆ. ಆಮೇಲೆ ನೀರಿನ ಕಡೆ ತಿರುಗಿ, ಸ್ವಲ್ಪ ಎದೆ ಎತ್ತಿ ಹೇಳುತ್ತಾರೆ: “ಆದ್ರೆ ಒಂದು ನೋಡಿ. ಮೂರು ವರ್ಷದಲ್ಲಿ ಇಲ್ಲಿಯ ಒಂದು ಮೀನಿನ ತುಟಿಗೂ ಗಾಯ ಆಗ್ಲಿಲ್ಲ.”